ಮೊಸಳೆಗೆ ಹಾಕಿದ ಬೇಲಿ, ಕಬ್ಬಿನೊಳಗೆ ಸಿಕ್ಕ ಬೆಕ್ಕು

ಹೊಳೆಗೆ ಬೇಲಿ ಹಾಕಿಸಿದ ಅರಣ್ಯ ಇಲಾಖೆಯ ಮಾನ್ಯ ಸಾಹೇಬರೇ,

ನಿಮ್ಮ ತಂತಿಬೇಲಿ ಮೊಸಳೆಯನ್ನು ತಡೆದಿಲ್ಲ. ಅದು ತಡೆದಿರುವುದು ನಮ್ಮ ಕಬ್ಬಿನ ಕೊನೆಯ ಸಾಲುಗಳಲ್ಲಿ ಮರಿಗಳೊಂದಿಗೆ ಸಿಕ್ಕಿಕೊಂಡಿರುವ ಒಂದು ಕಾಡುಬೆಕ್ಕನ್ನು, ಮತ್ತು ಒಂದೂವರೆ ವರ್ಷದ ನನ್ನ ಮಗಳು ಸನ್ಮತಿಯನ್ನು. ಇಬ್ಬರಿಗೂ ಹೊಳೆಗೆ ಹೋಗಲು ದಾರಿ ಬೇಕು. ಬೆಕ್ಕು ಪತ್ರ ಬರೆಯುವುದಿಲ್ಲ. ಹೀಗಾಗಿ ಎರಡೂ ಮನೆಯ ಪರವಾಗಿ ನಾನೇ ಬರೆಯುತ್ತಿದ್ದೇನೆ.

ಸದಲಗಾದ ಆಚೆ ದೂಧಗಂಗೆಯ ದಂಡೆಯ ಚಳಿಗಾಲ ತಮಗೆ ಗೊತ್ತಿರಲಾರದು. ತಾವು ಬಂದದ್ದು ಮಧ್ಯಾಹ್ನ, ಜೀಪಿನ ಗಾಜು ಏರಿಸಿಕೊಂಡು. ಬೆಳಿಗ್ಗೆ ಬಂದಿದ್ದರೆ ನೀರಿನ ಮೇಲಿಂದ ಮಂಜು ಏಳುವುದನ್ನು, ಉತ್ತರದಿಂದ ಬಂದ ಕಾವಿ ಬಣ್ಣದ ಬಾತುಗಳು ಜೋಡಿಜೋಡಿಯಾಗಿ ಮರಳಿನ ಮೇಲೆ ನಿಂತಿರುವುದನ್ನು, ನೀರುನಾಯಿ ಮೀನು ಹಿಡಿದು ಬಂಡೆಯ ಮೇಲೆ ಕುಳಿತು ಯಾರ ಪರಿವೆಯೂ ಇಲ್ಲದೆ ತಿನ್ನುವುದನ್ನು ನೋಡುತ್ತಿದ್ದಿರಿ. ಎದುರು ದಂಡೆಯಲ್ಲಿ ಮೊಸಳೆ ಬಾಯಿ ತೆರೆದುಕೊಂಡು ಬಿಸಿಲು ಕಾಯುವುದನ್ನೂ ನಾವು ದಿಬ್ಬದ ಮೇಲಿಂದ ನೋಡಿಕೊಂಡೇ ಬಂದವರು. ನನ್ನ ಮಗಳು ರಾತ್ರಿಯಿಡೀ ಮಲಗುವುದಿಲ್ಲ. ಬೆಳಿಗ್ಗೆ ಶಾಲು ಸುತ್ತಿ ಆ ದಿಬ್ಬಕ್ಕೆ ಒಯ್ದರೆ ಅಳು ನಿಲ್ಲಿಸಿ, ಕಂಡ ಕಂಡ ಹಕ್ಕಿಗೆಲ್ಲ ಕೈಚಾಚಿ "ಬಾ, ಬಾ" ಎನ್ನುತ್ತಿದ್ದಳು. ಒಂದೂ ಬರಲಿಲ್ಲ, ಅವಳು ಕರೆಯುವುದನ್ನೂ ಬಿಡಲಿಲ್ಲ. ವಾಪಸು ಬರುವಾಗ ನನ್ನ ಹೆಗಲ ಮೇಲೆ ನಿದ್ದೆ ಹೋಗುತ್ತಿದ್ದಳು. ಆಗ ನಾನೂ ಗೋಡೆಗೆ ಒರಗಿ ಸ್ವಲ್ಪ ಕಣ್ಣು ಮುಚ್ಚುತ್ತಿದ್ದೆ. ನನ್ನ ಇಡೀ ದಿನದ ನಿದ್ದೆ ಅಷ್ಟೇ ಆಗಿತ್ತು ಸಾಹೇಬರೇ.

ಈ ವರ್ಷ ಮೊಸಳೆ ನಮ್ಮ ದಂಡೆಗೇ ಬಂದು ಮಲಗಿತು. ಯಾರೋ ವಿಡಿಯೋ ಮಾಡಿದರು, ಊರೂರು ಹರಿದಾಡಿತು, ತಾವು ಬೇಲಿ ಹಾಕಿಸಿದಿರಿ. ಬುಡ ನೆಲದಲ್ಲಿ ಹೂತ, ತಲೆಗೆ ಮುಳ್ಳುತಂತಿ ಸುತ್ತಿದ ಗಟ್ಟಿ ಬೇಲಿ. ನಮ್ಮ ದಿಬ್ಬವೂ ಅದರ ಆಚೆಗೇ ಉಳಿಯಿತು. ಊರಿನಲ್ಲಿ ಎಲ್ಲರಿಗಿಂತ ಮೊದಲು ಸಮಾಧಾನಪಟ್ಟವಳು ನಾನೇ. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರಾಡುತ್ತಿದೆಯೇ ಎಂದು ನೋಡುವ ಹೆಂಗಸು ನಾನು, ಮೊಸಳೆಗೆ ಹೆದರದೆ ಇರುತ್ತೇನೆಯೇ? ಆದರೆ ಮೊಸಳೆ ವಾರದೊಳಗೆ ಬೇಲಿ ಮುಗಿಯುವಲ್ಲಿಗೆ ಈಜಿಕೊಂಡು ಹೋಯಿತು. ಈಗ ಹೆಂಗಸರು ಬಟ್ಟೆ ಒಗೆಯುವ ಕಲ್ಲುಗಳ ಪಕ್ಕ ಬಿಸಿಲು ಕಾಯುತ್ತಿದೆ. ಬೇಲಿಯ ಮಂಜೂರಾತಿ ಅಲ್ಲಿಗೇ ಮುಗಿದಿದೆ ಎಂದು ಅದಕ್ಕೆ ಯಾರು ತಿಳಿಸಿದರೋ!

ಇನ್ನು ಬೆಕ್ಕಿನ ಸಂಗತಿ. ನಮ್ಮದು ಜೈನರ ಮನೆ. ಕಟಾವಿಗೆ ಮುಂಚೆ ಕಬ್ಬಿಗೆ ಬೆಂಕಿ ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ. ರಸ್ತೆಯ ಕಡೆಯಿಂದ ಕಡಿಯುತ್ತ ಹೊಳೆಯ ಕಡೆಗೆ ಸಾಗಬೇಕು, ಕೊನೆಯ ಸಾಲುಗಳನ್ನು ಒಂದು ರಾತ್ರಿ ಹಾಗೇ ಬಿಡಬೇಕು. ಒಳಗೆ ಸೇರಿಕೊಂಡ ಜೀವಗಳು ಕತ್ತಲಲ್ಲಿ ಹೊಳೆಯ ಪೊದೆಗಳಿಗೆ ಹೋಗಲಿ ಎಂದು. ನನ್ನ ಮಾವ ಆಬಾಸಾಹೇಬರು ಈ ಸಲವೂ ಹಾಗೆಯೇ ಮಾಡಿಸಿದರು. ಕಟಾವು ಗ್ಯಾಂಗಿನ ಮುಂದಾಳು, ಮುಕಾದಮ ಲಗಮಣ್ಣ ನಕ್ಕು, "ಆಬಾರ, ಒಳಗಿನವ್ರಿಗೆ ಖಾಲಿ ಮಾಡ್ರಿ ಅಂತ ನೋಟಿಸು ಕೊಟ್ಟೀರೇನ್ರಿ?" ಎಂದ. "ನಮ್ಮಪ್ಪನ ಕಾಲದಾಗ ಕೊಟ್ಟೀವಿ, ಇನ್ನೂ ಚಾಲೂ ಐತಿ. ನೀ ಕೊಯ್ತಾ ಕೆಳಗ ಇಡು" ಎಂದರು ಮಾವ, ಅವನ ಕೈಯ ಕಬ್ಬು ಕಡಿಯುವ ಕತ್ತಿಯತ್ತ ಬೆರಳು ತೋರಿಸಿ.

ಹೋಗುವವರಿಗೆ ದಾರಿಯೇ ಇಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಬೇಲಿಯನ್ನು ದಿನವೂ ನೋಡುತ್ತಿದ್ದೆವು, ಆದರೆ ಅದನ್ನು ಮೊಸಳೆಯ ಬೇಲಿ ಎಂದೇ ನೋಡುತ್ತಿದ್ದೆವು. ಮರುದಿನ ಬೆಳಿಗ್ಗೆ ಗ್ಯಾಂಗು ಕೊನೆಯ ಸಾಲಿಗೆ ಕೈಹಚ್ಚಿದ ಕೂಡಲೇ ಬೆಕ್ಕು ಹೊರಗೆ ಹಾರಿತು. ನೇರ ಹೊಳೆಯ ಕಡೆಗೆ ಓಡಿ ತಂತಿಗೆ ಬಡಿದುಕೊಂಡಿತು, ಮತ್ತೆ ಬಡಿದುಕೊಂಡಿತು. ಆಮೇಲೆ ತಿರುಗಿ, ಜನರ ಕೂಗಿಗೆ ಬೆದರಿ, ಕಡಿದ ಹೊಲ ದಾಟಿ ನಮ್ಮ ಅಂಗಳಕ್ಕೇ ನುಗ್ಗಿತು. ಅಲ್ಲಿ ಚಾದರದ ಮೇಲೆ ಸನ್ಮತಿ ಕುಳಿತಿದ್ದಳು.

"ಪ್ರಾಜಕ್ತಾ, ಕೂಸು!" ಎಂದು ಅತ್ತೆ ಕಿರುಚಿದರು. ನಾನು ಬಾಗಿಲಲ್ಲಿದ್ದೆ. ಬೆಕ್ಕು ಮಗುವಿನೆದುರು ನಿಂತಿತು. ಮೂಗಿನ ಮೇಲೆ ರಕ್ತ. ಸನ್ಮತಿ ಕೈಚಾಚಿ "ಬಾ" ಎಂದಳು. ಅದು ಅವಳನ್ನು ನೋಡಿ, ನನ್ನನ್ನು ನೋಡಿ, ಬಂದ ದಾರಿಯಲ್ಲೇ ಅಷ್ಟು ಜನರ ನಡುವೆ ತೂರಿಕೊಂಡು ಕಬ್ಬಿನೊಳಗೆ ಹೋಯಿತು. ಏಕೆ ಹೋಯಿತೆಂದು ಆಮೇಲೆ ತಿಳಿಯಿತು. ಒಳಗೆ ಮರಿಗಳಿದ್ದವು.

ಅಂದಿನಿಂದ ಊರಲ್ಲಿ "ಚಿರತಿ ಮರಿ ಹಾಕೇತಿ" ಎಂದು ಸುದ್ದಿ. ಚಿಕ್ಕೋಡಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ ನಾನು ಕಾಡುಬೆಕ್ಕು ಎಂದು ಹೇಳಿದರೆ, "ನಿದ್ದಿ ಇಲ್ಲದ ಕಣ್ಣು, ಅಕಿಗೇನ್ ಕಂಡೀತು" ಎನ್ನುತ್ತಾರೆ. ಬೆಂಕಿ ಹಚ್ಚಿದರೆ ತಾನೇ ಹೊರಗೆ ಬರುತ್ತದೆ ಎಂಬ ಸಲಹೆಯೂ ಬಂದಿದೆ. ಹೊರಗೆ ಎಂದರೆ ಎಲ್ಲಿಗೆ? ಒಂದು ಕಡೆ ತಮ್ಮ ತಂತಿ, ಇನ್ನೊಂದು ಕಡೆ ನಾಯಿ, ರಸ್ತೆ ಮತ್ತು ನನ್ನ ಮಗು. ತಮ್ಮ ಕಚೇರಿಗೆ ಫೋನು ಮಾಡಿದೆ. "ಮೇಡಂ, ಬೇಲಿ ಮೊಸಳಿ ಸಂಬಂಧದ್ದು. ಬೆಕ್ಕಿಂದು ಬ್ಯಾರೆ ಟೇಬಲ್ ನೋಡ್ತೈತ್ರಿ" ಎಂಬ ಉತ್ತರ ಸಿಕ್ಕಿತು. ಆ ಟೇಬಲ್ಲಿನವರು ರಜೆಯಲ್ಲಿದ್ದಾರಂತೆ. ಬೆಕ್ಕಿಗೂ ಸ್ವಲ್ಪ ರಜೆ ಹಾಕಲು ಹೇಳಲೇ?

ಸಕ್ಕರೆ ಕಾರ್ಖಾನೆಯ ಕಟಾವು ಸರದಿ ಮುಗಿಯುತ್ತ ಬಂದಿದೆ. ಗ್ಯಾಂಗು ಅಥಣಿ ಕಡೆ ಹೊರಡಲು ಗಂಟುಮೂಟೆ ಕಟ್ಟುತ್ತಿದೆ. "ದಾರಿ ಆಗೂತನಾ ಕೊಯ್ತಾ ಹಚ್ಚಂಗಿಲ್ಲ" ಎಂದು ಮಾವ ಹಟ ಹಿಡಿದಿದ್ದಾರೆ. ನಾನು ಕಿಟಕಿಗೆ ಮುಖವಿಟ್ಟು ಆ ಸಾಲುಗಳನ್ನೇ ನೋಡುತ್ತಿರುತ್ತೇನೆ. ಮಗುವನ್ನು ಅಂಗಳಕ್ಕೆ ಇಳಿಸುವ ಧೈರ್ಯ ನನಗಿಲ್ಲ. ಮಗುವಿಗೆ ನಾಲ್ಕು ಗೋಡೆಯೊಳಗೆ ಸಮಾಧಾನವಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಪ್ರತಿ ಹೊಲದ ತುದಿಯಲ್ಲಿ, ಮೊದಲು ನಮ್ಮ ಹೊಲದ ತುದಿಯಲ್ಲಿ, ಬೇಲಿಯನ್ನು ಬುಡದಿಂದ ಬಿಚ್ಚಿಸಿ. ದಿಬ್ಬಕ್ಕೆ ಹೋಗುವ ದಾರಿ ಬಿಡಿಸಿ. ಬಟ್ಟೆ ಒಗೆಯುವಲ್ಲಿ ನೀರಿನೊಳಗೆ ಕಂಬಿಗಳ ಕಟಕಟೆ ಕಟ್ಟಿಸಿ, ಕಾಯಲು ಒಬ್ಬರನ್ನು ನಿಲ್ಲಿಸಿ, ಮೊಸಳೆ ಇರುವುದು ಅಲ್ಲಿ. ಇದಕ್ಕೆ ಸಮಿತಿ ಬೇಡ, ಒಂದು ಇಕ್ಕಳ ಸಾಕು. ಬಿಚ್ಚಿದ ದಿನ ನಮಗೆ ತಿಳಿಸಿ. ಆ ಸಂಜೆ ನಾಯಿ ಕಟ್ಟುತ್ತೇವೆ, ಟಿವಿ ಆರಿಸುತ್ತೇವೆ, ಗ್ಯಾಂಗಿನವರು ಬೇಗ ಒಲೆ ನಂದಿಸುತ್ತಾರೆ. ಮಗಳ ಅಳುವೊಂದನ್ನು ನಿಲ್ಲಿಸುತ್ತೇನೆಂದು ಮಾತು ಕೊಡಲಾರೆ. ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವ ಆ ತಾಯಿ ಅಷ್ಟನ್ನು ಸಹಿಸಿಕೊಂಡಾಳು.

ಇಂತಿ, ತಮ್ಮ ಬೇಲಿಯ ಈಚೆ ಬಹಳ ಸುರಕ್ಷಿತವಾಗಿರುವ,
ಸನ್ಮತಿಯ ತಾಯಿ ಪ್ರಾಜಕ್ತಾ