ತಗಡಿನ ಹುಂಜ

7 ನವೆಂಬರ್, ಗುರುವಾರ. ಬೆಳಿಗ್ಗೆ

'ಕೆ' ಅಕ್ಷರ ಮುಗಿಯಿತು. ಇದು ಏಳನೇ ಸುತ್ತು. ಡಿಕ್ಷನರಿ ಪೂರ್ತಿ ಬಾಯಿಪಾಠ ಇರುವ ಮನುಷ್ಯ ಇಡೀ ಇಂಡಿಯಾದಲ್ಲಿ ನಾನೊಬ್ಬನೇ. ಇಂಗ್ಲೆಂಡಿನವರು ಎರಡು ಸಲ ಕರೆದರು. ಹೋಗಲಿಲ್ಲ — ಕಬ್ಬು ಕಡಿಯುವ ಕಾಲ.

ಕಿಸ್: 'ತುಟಿಗಳಿಂದ ಸಲ್ಲಿಸುವ ವಂದನೆ.' ಹೀಗಿದೆ ನನ್ನ ಪುಸ್ತಕದಲ್ಲಿ. ಹಳೇ ಕಾಲದ್ದು. ರಟ್ಟು ಹೋಗಿದೆ, ಇಸವಿಯೂ ಹೋಗಿದೆ. ಸ್ಕೂಲಿನವರು ಗುಜರಿಗೆ ಹಾಕಿದ್ದನ್ನು ನಲವತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡು ಬಂದದ್ದು. ಶಿವನಂಜಮ್ಮನಿಗೆ ಓದಿ ಹೇಳಿದೆ. ನನ್ನ ಹೆಂಡತಿ ಒಲೆ ಮುಂದಿನಿಂದ ತಿರುಗಲೂ ಇಲ್ಲ.

"ವಂದ್ನೆ ಆಮೇಕ್ ಸಲ್ಸೀರಿ. ಮೊದ್ಲು ಅಲ್ ಕಟ್ಟುಸ್ಕಳಿ."

ಮುಂದಿನ ನಾಲ್ಕು ಹಲ್ಲಿಲ್ಲ. ಮಂಡ್ಯದ ಡಾಕ್ಟರು ರೇಟು ಹೇಳಿದ್ದಾರೆ. ಎರಡು ವರ್ಷದಿಂದ ಡಬ್ಬದಲ್ಲಿ ಕೂಡಿಡುತ್ತಿದ್ದೇನೆ. ಹತ್ತಿರ ಬಂತು. ಹಲ್ಲು ಬಂದರೆ ಚೌಡಯ್ಯನ ಹೋಟೆಲಿನ ವಡೆಯನ್ನು ಟೀಯಲ್ಲಿ ನೆನೆಸದೆ ಕಡಿಯಬಹುದು...

10 ನವೆಂಬರ್, ಭಾನುವಾರ

ಹೋಟೆಲಿನಲ್ಲಿ ಮಾಮೂಲಿ ಬಾಜಿ. ಪದ ಕೇಳಿ, ನನಗೆ ಅರ್ಥ ಬರದಿದ್ದರೆ ಎಲ್ಲರ ಟೀ ದುಡ್ಡು ನನ್ನದು; ಬಂದರೆ ಕೇಳಿದವನದು. ಲಿಂಗಯ್ಯ 'ಆಂಬುಲೆನ್ಸ್' ಕೇಳಿದ. 'ಯುದ್ಧಭೂಮಿಯಿಂದ ಗಾಯಾಳುಗಳನ್ನು ಸಾಗಿಸುವ ಗಾಡಿ' ಎಂದೆ.

"ಯುದ್ಧ ಎಲ್ಲದಲಾ? ಮೊನ್ನೆ ನಮ್ಮತ್ತೆ ಆಸ್ಪತ್ರೆಗ್ ಓದ್ಲು ಅದ್ರಲ್ಲಿ."

"ನಿಮ್ಮತ್ತೆ ಇದ್ ಕಡೆನೇ ಯುದ್ಧ ಕಣ್ಲಾ."

ಟೀ ದುಡ್ಡು ಅವನೇ ಕೊಟ್ಟ.

ಅಲ್ಲೇ ಸುದ್ದಿ ಸಿಕ್ಕಿತು. ಅಣ್ಣನ ಮಗಳು ಅರುಂಧತಿಗೆ ಮಂಡ್ಯದಲ್ಲಿ ಬಿ.ಎಡ್ ಸೀಟು. ಇಂಗ್ಲಿಷ್ ಟೀಚರಾಗುವ ಆಸೆ ಅವಳಿಗೆ. ಸ್ಕಾಲರ್‌ಶಿಪ್ ಬರುವುದು ಆಮೇಲೆ, ಫೀಸು ಕಟ್ಟುವುದು ಮೊದಲು. ಇಪ್ಪತ್ತನೇ ತಾರೀಕು ಕೊನೆ. ಅಣ್ಣನ ಹತ್ತಿರ ಇಲ್ಲ.

11 ನವೆಂಬರ್

ಹೋಗಿ, ಫೀಸು ನಾನು ಕೊಡಲೇ ಎಂದು ಕೇಳಿದೆ. ಅಣ್ಣ ದೊಡ್ಡಸಿದ್ದಯ್ಯ ಕೂತಲ್ಲಿಂದಲೇ ಹೇಳಿದ: "ಬ್ಯಾಡ. ನಿನ್ ದುಡ್ಡು ನನ್ ಮನೆಗ್ ಬಂದ್ರೆ ಅದ್ರ ಸದ್ದು ಮಳವಳ್ಳಿಗಂಟ ಕೇಳ್ತದೆ."

ಸುಳ್ಳಲ್ಲ. ಹನ್ನೊಂದು ವರ್ಷದ ಹಿಂದೆ ಅತ್ತಿಗೆಯ ಆಪರೇಷನ್ನಿಗೆ ಎರಡು ಸಾವಿರ ಕೊಟ್ಟಿದ್ದೆ. ಹೋಟೆಲಿನಲ್ಲಿ ಇಪ್ಪತ್ತು ಸಾವಿರ ಎಂದೆ. ಅದೇ ವಾರ ಅಣ್ಣ ಕರು ಮಾರಿ, ಎರಡು ಸಾವಿರವನ್ನು ಎಲ್ಲರೆದುರು ನನ್ನ ಕೈಗೆ ಎಣಿಸಿದ. ಅವತ್ತಿನಿಂದ ನನ್ನ ಒಂದು ಪೈಸೆ ಮುಟ್ಟಿಲ್ಲ.

ಅರುಂಧತಿ ಬೀದಿಯವರೆಗೂ ಬಂದಳು. "ಬುಡಿ ಚಿಕ್ಕಪ್ಪ. ಮುಂದಿನ್ ವರ್ಸ ನೋಡನ."

ಅವಳ ತಲೆ ಮೇಲೆ, ಸೂರಿನಲ್ಲಿ, ತಗಡಿನ ಹುಂಜ. ಆರು ವರ್ಷದವಳಿದ್ದಾಗ ಓದಿ ಹೇಳಿದ್ದೆ — ವೆದರ್‌ಕಾಕ್: 'ಗಾಳಿಯ ದಿಕ್ಕನ್ನು ತೋರಿಸಲು ಗೋಪುರದ ಮೇಲೆ ನಿಲ್ಲಿಸಿದ ಲೋಹದ ಹುಂಜ.' ನಂಬಲಿಲ್ಲ. ಎಣ್ಣೆ ಡಬ್ಬ ಕತ್ತರಿಸಿ ಮಾಡಿಕೊಟ್ಟೆ. ಅವಳು ಕಲಿತ ಮೊದಲ ದೊಡ್ಡ ಪದ. ಈಗ ತುಕ್ಕು ಹಿಡಿದು ತಿರುಗುವುದಿಲ್ಲ.

16 ನವೆಂಬರ್, ಶನಿವಾರ

ಐದು ದಿನ ಬರೆಯಲಿಲ್ಲ. ಯೋಚನೆ.

ಚಿಕ್ಕಂದಿನಲ್ಲಿ ಅಣ್ಣ ನನ್ನ ಗೋಲಿಗಳನ್ನೆಲ್ಲ ಗೆದ್ದಿದ್ದ. ನಾನು ಅತ್ತುಬಿಟ್ಟೆ. ಅವ್ವ ಹೇಳಿದರೂ ವಾಪಸ್ ಕೊಡಲಿಲ್ಲ. "ಬಾಜಿ ಗೆದ್ದುದ್ದ ವಾಪಸ್ ಕೊಟ್ರೆ ಇಬ್ರಿಗೂ ಮರ್ವಾದೆ ಇಲ್ಲ ಕಣ್ಲಾ" ಎಂದಿದ್ದ. ಊರಿನಲ್ಲಿ ಇವತ್ತಿಗೂ ಅದೇ ಮಾತು.

ಡಬ್ಬ ಖಾಲಿ ಮಾಡಿದೆ. ನೋಟುಗಳನ್ನು ಡಿಕ್ಷನರಿಯ ಹಾಳೆಗಳ ನಡುವೆ ಇಟ್ಟೆ. ಪುಸ್ತಕ ಊದಿಕೊಂಡಿತು. ದಾರ ಸುತ್ತಿದೆ.

17 ನವೆಂಬರ್, ಭಾನುವಾರ

ಅಣ್ಣ ಹೋಟೆಲಿನ ಬೆಂಚಿನ ಮೇಲಿದ್ದ. ಅರುಂಧತಿ ಡೇರಿಗೆ ಹಾಲು ಹಾಕಿ ಬರುತ್ತಿದ್ದಳು. ಕೂಗಿದೆ.

"ಏನವ್ವಾ ಡಿಗ್ರಿ ಓದಿರೋಳೆ, ಒಂದ್ ಪದ ಕೇಳು. ನಾ ಸೋತ್ರೆ ಈ ಪುಸ್ತಕ ನಿಂದು. ಒಳಗಿರೋದೆಲ್ಲಾ ಸೇರಿ."

"ಒಳಗೇನದೆ, ಜಿರ್ಲೆ" ಎಂದ ಲಿಂಗಯ್ಯ.

"ಜಿರ್ಲೆನೂ ಸೇರಿ ಕಣ್ಲಾ. ನೀನೇ ಸಾಕ್ಸಿ."

ಅಣ್ಣ ತಲೆ ಎತ್ತಲಿಲ್ಲ. "ಕೇಳ್ಬುಟ್ ನಡಿಯವ್ವ, ಒತ್ತಾಯ್ತು."

ಅರುಂಧತಿ ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. "ವೆದರ್‌ಕಾಕ್" ಎಂದಳು.

ಬೇಕೆಂದೇ ಕೇಳಿದಳು. ಪುಸ್ತಕ ನನ್ನ ಹತ್ತಿರವೇ ಉಳಿಯಲಿ ಎಂದು. ನಾನು ಗೆಲ್ಲಲಿ ಎಂದು... ಯಾವ ಪದವಾದರೂ ಸೋಲಲು ತಯಾರಾಗಿ ಹೋಗಿದ್ದೆ. ಇದೊಂದು ಬಿಟ್ಟು. ಅರ್ಥ ನಾಲಿಗೆ ತುದಿಗೆ ಬಂತು. ನುಂಗಿದೆ.

"ಮಳೆಗಾಲದಲ್ ಕೋಳಿಗೆ ಬರೋ ಕಾಯ್ಲೆ" ಎಂದೆ.

ಅರುಂಧತಿ ಫೋನಿನಲ್ಲಿ ಹುಡುಕಿ ಲಿಂಗಯ್ಯನಿಗೆ ತೋರಿಸಬೇಕಾಯಿತು. ಹೋಟೆಲು ನಕ್ಕಿತು. ಅಣ್ಣ ಮಾತ್ರ ಗ್ಲಾಸು ಕೆಳಗಿಟ್ಟು ನನ್ನನ್ನೇ ನೋಡಿದ.

"ನಿಮ್ಗ್ ಗೊತ್ತು ಚಿಕ್ಕಪ್ಪ."

"ಗೊತ್ತಿಲ್ಲ ಕಣವ್ವ. ತಗಂಡೋಗು."

18 ನವೆಂಬರ್. ಬೆಳಿಗ್ಗೆ ಏಳು

ಅಣ್ಣ ಬಂದ. ಕಂಕುಳಲ್ಲಿ ಪುಸ್ತಕ. ದಾರ ಬಿಚ್ಚಿತ್ತು.

"ಏನ್ಲಾ ಇದು? ಒಳಗೆ ದುಡ್ಡದೆ."

"ಒಳಗಿರೋದೆಲ್ಲಾ ಸೇರಿ ಅಂದಿದ್ನಲ್ಲಣ್ಣ. ಗೆದ್ದ ಗೋಲಿ ವಾಪಸ್ ಕೊಡ್ಬಾರ್ದು ಅಂದೋನ್ ಯಾರು?"

ಅಣ್ಣ ಬಾಗಿಲ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗಿದ.

"ಓಟ್ಲಲ್ಲಿ ಏನಂತೀಯೆ?"

"ನಲವತ್ ರೂಪಾಯ್ ಪುಸ್ತಕ ಸೋತೆ ಅಂತೀನಿ."

"ನಿನ್ ಕೈಲಾದದಾ?"

"ನೋಡನ."

ಪುಸ್ತಕ ಕಂಕುಳಲ್ಲೇ ಇತ್ತು. ಹೊರಟ. ಬೀದಿಯಲ್ಲಿ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದ: "ಕೋಳಿ ಕಾಯ್ಲೆಯಂತೆ, ಕೋಳಿ ಕಾಯ್ಲೆ."

20 ನವೆಂಬರ್, ಬುಧವಾರ

ಫೀಸು ಕಟ್ಟಿದಳು. ರಸೀತಿಯನ್ನು ಮೊದಲು ನನಗೇ ತಂದು ತೋರಿಸಿದಳು.

ಹೋಟೆಲಿನಲ್ಲಿ ನನಗೆ ಈಗ 'ಕೋಳಿ ಕಾಯಿಲೆ' ಎಂದೇ ಹೆಸರು. ಮೂರು ಸಲ ನಿಜ ಬಾಯಿಗೆ ಬಂತು. ಮೂರು ಸಲವೂ ಟೀಯಲ್ಲಿ ನೆನೆಸಿದ ವಡೆ ತುರುಕಿಕೊಂಡೆ.

ಶಿವನಂಜಮ್ಮ ಡಬ್ಬ ಎತ್ತಿ ಅಲ್ಲಾಡಿಸಿದಳು. ಎಷ್ಟು ಹೋಯಿತು ಎಂದಳು. ಐನೂರು ಎಂದೆ. ಖಾಲಿ ಡಬ್ಬವನ್ನು ಇದ್ದಲ್ಲೇ ಇಟ್ಟಳು. ತಟ್ಟೆಗೆ ಮುದ್ದೆ ಹಾಕಿದಳು.

"ಮುದ್ದೆ ನುಂಗಾಕೆ ಅಲ್ಲು ಯಾಕೆ, ಬುಡಿ."

ಇಲ್ಲೊಂದು ಕಡೆ ಬರೆದಿಡುತ್ತೇನೆ. ಸೋತದ್ದು ನಲವತ್ತಲ್ಲ. ಐನೂರೂ ಅಲ್ಲ. ಇಪ್ಪತ್ತೊಂದು ಸಾವಿರದ ಐನೂರು. ಈ ಸಲ ಒಂದು ರೂಪಾಯಿಯೂ ಸೇರಿಸಿಲ್ಲ —