ಎಂಬತ್ತೊಂಬತ್ತರ ನಾಡಿಯನ್ನು ಯಾರೂ ಮುಟ್ಟಲಿಲ್ಲ

ಹಿರಿಯ ನಾಗರಿಕರ ಚಿಕಿತ್ಸಾಲಯದ ಮುಖ್ಯ ವೈದ್ಯಾಧಿಕಾರಿಗಳಿಗೆ,

ಮಾನ್ಯರೇ, ನಿಮ್ಮ ಚಿಕಿತ್ಸಾಲಯ ನನ್ನ ಅತ್ತೆಯನ್ನು ಅರ್ಧ ಕೊಂದಿದೆ. ಉಳಿದರ್ಧವನ್ನು ಯಾವತ್ತು ಮುಗಿಸುತ್ತೀರಿ ಎಂದು ಕೇಳಲು ಈ ಪತ್ರ. "ಸ್ವಲ್ಪ ಮೆಲ್ಲಗೆ ಬರಿಯೇ" ಎಂದರು ನಮ್ಮ ಮನೆಯವರು. ಮೆಲ್ಲಗೆ ಬರೆದ ಎರಡು ಅರ್ಜಿಗಳು ನಿಮ್ಮ ಕಚೇರಿಯಲ್ಲಿ ಕೊಳೆಯುತ್ತಿವೆ.

ಅತ್ತೆಯ ಹೆಸರು ಗುರುಬಸಮ್ಮ. ವಯಸ್ಸು ಎಂಬತ್ತೊಂಬತ್ತು. ಶ್ರಾವಣದ ಎರಡನೇ ಸೋಮವಾರ ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ಅವರ ಎಡ ಅಂಗೈಯಲ್ಲಿದ್ದ ಇಷ್ಟಲಿಂಗ ವಾಲಿತು. ಒಂದು ದಿನವೂ ಅಲುಗದ ಕೈ ಅದು! ಬಾಯಿ ಸೊಟ್ಟಗಾಗಿತ್ತು. ನಾನು ಓಡಿಹೋಗಿ ಇಷ್ಟಲಿಂಗವನ್ನು ಹಿಡಿದುಕೊಂಡೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಸರಿಹೋಗಿ, "ನನ್ನ ಲಿಂಗಕ್ಕೆ ಕೈ ಹಾಕಿದ್ಯಲ್ಲೇ, ಎಷ್ಟು ಧೈರ್ಯ ನಿಂಗೆ!" ಎಂದು ಬೈದರು. ಆಟೊದಲ್ಲಿ ಕೂರಿಸಿಕೊಂಡು ನಿಮ್ಮಲ್ಲಿಗೆ ಕರೆತಂದೆ.

ನಿಮ್ಮ ವೈದ್ಯರು ಚೀಟಿಯಲ್ಲಿ ವಯಸ್ಸು ಓದಿದರು. ಅತ್ತೆಯ ಕೈ ಮುಟ್ಟಲಿಲ್ಲ. "ಎಂಬತ್ತು ದಾಟಿದೋರಿಗೆ ಹೀಗೆಲ್ಲ ಆಗುತ್ತಮ್ಮ. ಈಗ ಸರಿಹೋಗಿದಾರಲ್ಲ? ಟೆಸ್ಟು, ಮಾತ್ರೆ ಅಂತ ಈ ವಯಸ್ನಲ್ಲಿ ಯಾಕೆ ಹಿಂಸೆ ಕೊಡ್ತೀರ?" ಎಂದು 'ವಯೋಸಹಜ' ಎಂಬ ಠಸ್ಸೆ ಒತ್ತಿದರು. ಆಹಾ, ಏನು ಕರುಣೆ! ದಿನಕ್ಕೆ ಎಷ್ಟು ಜನರಿಗೆ ಒತ್ತುತ್ತೀರಿ ಸ್ವಾಮಿ, ಕೈಯಲ್ಲಿ ಬರೆಯಲೂ ಪುರುಸೊತ್ತಿಲ್ಲದಷ್ಟು? ನಾನೂ ತಲೆಯಾಡಿಸಿ ಎದ್ದು ಬಂದೆ. ಆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಎನಿಸುತ್ತದೆ.

ಹದಿನೆಂಟನೇ ದಿನ ಮತ್ತೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಬಸವನಗುಡಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ ಅಲ್ಲಿನ ವೈದ್ಯೆ ಮೊದಲು ನಾಡಿ ಹಿಡಿದರು. "ಬಡಿತ ತಪ್ತಾ ಇದೆ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿರೋ ಹಾಗಿದೆ. ಹೋದ ಸಲ ಯಾರೂ ಇಸಿಜಿ ಮಾಡ್ಲಿಲ್ವಾ?" ಎಂದರು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಮಾತ್ರೆಯಿಂದ ರಕ್ತಸ್ರಾವದ ಅಪಾಯವೂ ಉಂಟು, ಎರಡನ್ನೂ ತೂಗಿ ನೋಡಿ ಕೊಡಬೇಕು ಎಂದು ವಿವರಿಸಿದರು. ಒಪ್ಪಿದೆ. ನೀವು ತೂಗಿದಿರಾ? ತಕ್ಕಡಿಯನ್ನೇ ಎತ್ತಲಿಲ್ಲವಲ್ಲ! ಇದಕ್ಕೆ ನಿರ್ಲಕ್ಷ್ಯ ಎಂಬ ಸೌಮ್ಯ ಪದ ಸಾಲದು, ಇದು ಕೊಲೆ.

ಮಾತ್ರೆ ತಪ್ಪಿಸಿದರೆ ಮೂರನೆಯ ಸಲವೂ ಹೊಡೆಯಬಹುದು, ಪ್ರತಿ ತಿಂಗಳು ಹತ್ತಿರದಲ್ಲೇ ತೋರಿಸಿ ಎಂದು ಅವರು ಬರೆದುಕೊಟ್ಟರು. ಹೋದ ವಾರ ಗಾಲಿಕುರ್ಚಿಯಲ್ಲಿ ನಿಮ್ಮಲ್ಲಿಗೇ ಕರೆತಂದೆ. ಠಸ್ಸೆ ಒತ್ತಿದ ಅದೇ ವೈದ್ಯರು ಮಾತ್ರೆ ಕೊಡದೆ, ಅತ್ತೆಯ ಎದುರಿಗೇ, "ಇನ್ನೊಂದ್ಸಲ ಆದ್ರೆ ಆಗ್ಲಿ ಬಿಡಿ, ಇನ್ನೆಷ್ಟು ದಿನ ಅಂತ?" ಎಂದರು. ಅತ್ತೆ ಅತ್ತುಬಿಟ್ಟರು. ನಲವತ್ತೆರಡು ವರ್ಷ ನನ್ನನ್ನು ಬೈದು ಬಾಳಿದ ಹೆಂಗಸು, ಅವರ ಕಣ್ಣೀರನ್ನು ನಾನು ನೋಡಿರಲೇ ಇಲ್ಲ. ಆ ಮೇಜನ್ನು ಎತ್ತಿ ಬಿಸಾಡಬೇಕು, ಆ ಠಸ್ಸೆಯನ್ನು ಆ ಮನುಷ್ಯನ ಹಣೆಗೇ ಒತ್ತಬೇಕು ಎನಿಸಿತು. ನನಗೆ ಅತ್ತೆಯ ಬೈಗುಳ ಮತ್ತೆ ಬೇಕು. ಯಾರಪ್ಪನ ಮನೆಯ ಗಂಟು ಕೇಳುತ್ತಿಲ್ಲ ನಾನು.

ಬರುವ ಗುರುವಾರ ಹತ್ತು ಗಂಟೆಗೆ ಅತ್ತೆಯನ್ನು ಮತ್ತೆ ಕರೆತರುತ್ತೇನೆ. ನಾಡಿ ಹಿಡಿಯಿರಿ, ಬಿಪಿ ನೋಡಿ, ಮಾತ್ರೆ ಕೊಡಿ. ಆ ಠಸ್ಸೆಯನ್ನು ಒಡೆದು ಚರಂಡಿಗೆಸೆಯಿರಿ. ಆಗುವುದಿಲ್ಲವೇ? ಹಾಗಿದ್ದರೆ ಚೀಟಿಯ ಹಿಂದೆ ಅಡಗಬೇಡಿ. ನೀವೇ ಎದ್ದು ಬನ್ನಿ, ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿ: "ಗುರುಬಸಮ್ಮನೋರೇ, ನೀವು ಬದುಕಿದ್ದು ಸಾಕು." ಸ್ವಲ್ಪ ನಿಧಾನವಾಗಿ ಹೇಳಿ. ಅವರಿಗೆ ಎಲ್ಲ ಅರ್ಥವಾಗುತ್ತದೆ.

ಇಂತಿ,
ಅರವತ್ತಾರು ತುಂಬಿ, ನಿಮ್ಮ ಲೆಕ್ಕದಲ್ಲಿ ಇನ್ನೂ ಹದಿನಾಲ್ಕು ವರ್ಷ ಬದುಕಲು ಅರ್ಹಳಾದ
ಶಿವಕುಮಾರಿ, ಚಾಮರಾಜಪೇಟೆ