ಮಾತ್ರೆಯ ಕಪ್ಪು

ಜೂನ್ 4, ಬೆಳಿಗ್ಗೆ 8
ಇವರಿಗೆ ಗಂಜಿ ಕೊಟ್ಟೆ, ಐರನ್ ಮಾತ್ರೆ ಕೊಟ್ಟೆ. ಹೊಟ್ಟೆ ಕ್ಯಾನ್ಸರ್‌ಗೆ ರೇಡಿಯೇಶನ್ ಮುಗಿದು ಐದು ತಿಂಗಳು. ಮತ್ತೆ ಲೇತ್ ಕೆಲಸಕ್ಕೆ ಹೋಗುತ್ತಿದ್ದಾರೆ. ಚಪ್ಪಲಿ ಮೆಟ್ಟುತ್ತಾ ತಗ್ಗಿದ ದನಿಯಲ್ಲಿ ಹೇಳಿದರು — "ಯಮುನಾ, ಮೂರ್ ದಿನದಿಂದ ಕಪ್ಪಗೆ ಹೋಗ್ತಿದೆ ಕಣೆ. ಡಾಂಬರು ಥರ."
"ಐರನ್ ಮಾತ್ರೆ ತಗೊಂಡ್ರೆ ಹಂಗೇ ರೀ. ಬಸುರೀಲಿ ನಂಗೂ ಆಗಿತ್ತು."
ನಕ್ಕು ಹೊರಟರು.

ಜೂನ್ 8
ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ತಲೆಸುತ್ತಿ ಬಿದ್ದರಂತೆ. ಜೇಬಿನಲ್ಲಿ ಆಸ್ಪತ್ರೆಯ ಕಾರ್ಡ್ ಇತ್ತು. ಯಾರೋ ಪುಣ್ಯಾತ್ಮರು ಆಟೊದಲ್ಲಿ ಅಲ್ಲಿಗೇ ತಂದಿದ್ದಾರೆ. ಹಿಮೋಗ್ಲೋಬಿನ್ ಐದಕ್ಕೆ ಇಳಿದಿದೆ. ರಕ್ತ ಏರಿಸುತ್ತಿದ್ದಾರೆ.
"ಮೋಶನ್ ಕಪ್ಪಗೆ ಹೋಗ್ತಿತ್ತಾಮ್ಮ?" ಡಾಕ್ಟರ್ ಕೇಳಿದರು.
ಹೌದೆಂದೆ. ಎಂದಿನಿಂದ ಎಂದು ಕೇಳಿದಾಗ ಬೆರಳು ಮಡಿಸಿ ಎಣಿಸಿ, ಒಂದು ವಾರ ಎಂದೆ.

ಜೂನ್ 10
ಎಂಡೋಸ್ಕೋಪಿ ಆಯಿತು. ರೇಡಿಯೇಶನ್‌ನಿಂದ ಹೊಟ್ಟೆಯ ಒಳಪದರ ಹಾಳಾಗಿದೆಯಂತೆ. ಅಲ್ಲಲ್ಲಿ ರಕ್ತ ಜಿನುಗುತ್ತಿತ್ತು, ಟ್ಯೂಬ್ ಒಳಗಿಂದಲೇ ಸುಟ್ಟು ನಿಲ್ಲಿಸಿದ್ದಾರೆ.
"ಒಂದ್ಸಲಕ್ಕೆ ಮುಗಿಯಲ್ಲಮ್ಮ. ಮೂರು ವಾರಕ್ಕೆ ಮತ್ತೆ ಮಾಡ್ಬೇಕು. ಅಷ್ಟ್ರಲ್ಲಿ ಏನಾದ್ರೂ ಆದ್ರೆ ಓಡಿ ಬನ್ನಿ."
ಕ್ಯಾನ್ಸರ್ ಮಾತ್ರ ಎಲ್ಲೂ ಕಾಣಲಿಲ್ಲವಂತೆ. ಸಂತೋಷಪಡಬೇಕೇನೋ.

ಜೂನ್ 14
ಮನೆಗೆ ಬಂದೆವು. ತಡೆಯಲಾಗಲಿಲ್ಲ, ಹೇಳಿಬಿಟ್ಟೆ. "ಅವತ್ತು ನಾನು ಮಾತ್ರೆ ಅಂತ ಅಂದಿರ್ಲಿಲ್ಲ ಅಂದ್ರೆ ನೀವು ಡಾಕ್ಟ್ರ ಹತ್ರ ಹೋಗ್ತಿದ್ರಿ."
"ಇಲ್ಲ ಕಣೆ. ಆ ಆಸ್ಪತ್ರೆ ಮೆಟ್ಲು ಮತ್ತೆ ಹತ್ತೋಕೆ ನಂಗೇ ಭಯ ಇತ್ತು. ನೀನು ಹಂಗಂದಿದ್ದು ನೆಪ ಆಯ್ತು, ಅಷ್ಟೆ."
ನಿಜವೋ, ನನಗಾಗಿ ಹೇಳಿದ್ದೋ. ಕೈ ಹಿಡಿದುಕೊಂಡೇ ನಿದ್ದೆ ಹೋದರು.

ಜೂನ್ 27
ಇವರು ಹೋಗಿ ಐದು ದಿನ.
ಅವತ್ತು ಬೆಳಿಗ್ಗೆ ಮುಖ ತೊಳೆಯುತ್ತಿದ್ದವರು ರಕ್ತ ಕಾರಿಕೊಂಡರು. ಬಚ್ಚಲೆಲ್ಲ ಕೆಂಪು. ಆಂಬುಲೆನ್ಸ್ ಕೆ.ಆರ್. ಪುರ ಬ್ರಿಡ್ಜ್ ಹತ್ತಿರ ಸಿಕ್ಕಿಕೊಂಡಿತು. ಸೈರನ್ ಕೂಗುತ್ತಲೇ ಇತ್ತು, ಮುಂದಿದ್ದ ಬಸ್ಸಿಗೆ ಸರಿಯಲು ಜಾಗವಿರಲಿಲ್ಲ. "ಚಳಿ ಆಗ್ತಿದೆ" ಅಂದರು. ಸೆರಗು ಹೊದಿಸಿದೆ. ಹತ್ತಿರದ ನರ್ಸಿಂಗ್ ಹೋಮಿಗೆ ತಿರುಗಿಸಿದರು. ಅಲ್ಲಿನ ಡಾಕ್ಟರ್ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಆರಿಸಿ, ನನ್ನ ಕಡೆ ತಿರುಗಿದರು.

ಜೂನ್ 30, ಸಂಜೆ 4
ಆಸ್ಪತ್ರೆಯಿಂದ ಫೋನ್. ಯಾರೋ ಹುಡುಗಿ. "ಅಂಜನಮೂರ್ತಿ ಅವ್ರ ಎಂಡೋಸ್ಕೋಪಿ ನಾಳೆ ಹತ್ತಕ್ಕೆ. ಬೆಳಿಗ್ಗೆ ಏನೂ ತಿನ್ನೋಕೆ ಕೊಡ್ಬೇಡಿ ಮೇಡಂ."
"ಆಯ್ತಮ್ಮ" ಅಂದುಬಿಟ್ಟೆ.
ಫೋನ್ ಮಾಡಿ ಹೇಳಬೇಕು. ಬೇರೆ ಯಾರಿಗಾದರೂ ಆ ಸಮಯ ಸಿಗಲಿ. ಎರಡು ಸಲ ನಂಬರ್ ಒತ್ತಿದೆ. ಅವಳು ಎತ್ತಿದಳು ಕೂಡ. ಹೇಳಿ ಮೇಡಂ ಅಂದಳು. ನಾನು, ಇವರು —